ನಮ್ಮ ಮಾವನ ಮೂಗುಬೊಟ್ಟು

ನನ್ನ ಸೋದರಮಾವನನ್ನು ಯಾರಾದರೂ ಪುಕ್ಕಲ ಅಂದರೆ ಅವನ ಊರು ಸಾನಮಾವಿನ ಕಾಡಾನೆಗಳು ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿಯಾವು! ಮತ್ತೇನು? ಒಬ್ಬ ಪುಕ್ಕಲನ ಕೈಯಲ್ಲಿ ಓಡಿಸಿಕೊಂಡೆವು ಅಂದರೆ ಅವುಗಳ ಮರ್ಯಾದೆ ಏನಾಗಬೇಕು? ಕಾಡಂಚಿನಲ್ಲಿ ಅವನ ರಾಗಿ ಹೊಲ. ಆನೆ ಬಂದರೆ ಅವನಿಗೆ ಒಂದು ತಗಡಿನ ಡಬ್ಬ, ಒಂದು ದೊಣ್ಣೆ, ಒಂದಿಷ್ಟು ಬೈಗುಳ ಸಾಕಾಗಿತ್ತು. ಎತ್ತುಗಳ ಜೊತೆ ತೆಲುಗು, ಕಚೇರಿಯವರ ಜೊತೆ ತಮಿಳು, ಮನೆಯವರ ಜೊತೆ ಕನ್ನಡ ಆಡುತ್ತಿದ್ದ ಮಾವ, ಆನೆಗೆ ಮಾತ್ರ ಮೂರರಲ್ಲೂ ಬೈಯುತ್ತಿದ್ದ. "ಅದು ಯಾವ ಕಡೆ ಕಾಡಿಂದ ಬಂದೈತೋ ಯಾರ್ಗೊತ್ತು?" ಎಂಬುದು ಅವನ ಸಮಜಾಯಿಷಿ.

ಅಂಥ ಮನುಷ್ಯ ಇಡೀ ಲೋಕದಲ್ಲಿ ಒಂದೇ ಒಂದಕ್ಕೆ ಹೆದರುತ್ತಿದ್ದ. ನನ್ನ ಮೂಗಿಗೆ!

ನನ್ನ ಮೂಗಿಗೂ ಅವನಿಗೂ ಏನು ಸಂಬಂಧ ಅನ್ನುತ್ತೀರಾ? ನಮ್ಮ ಕಡೆ ಹೆಣ್ಣುಮಗುವಿನ ಕಿವಿಯಾಗಲಿ ಮೂಗಾಗಲಿ ಚುಚ್ಚಬೇಕಾದರೆ ಸೋದರಮಾವ ಬರಬೇಕು. ಚಿನ್ನದ ತಂತಿ ಅವನು ತರಬೇಕು, ಮಗು ಅವನ ತೊಡೆಯ ಮೇಲೆ ಕೂರಬೇಕು. ಮಾವ ಬಾರದೆ ಅಕ್ಕಸಾಲಿ ಆಚಾರಿ ಸೂಜಿ ಎತ್ತುವುದಿಲ್ಲ. ಏಳೆಂಟು ವರ್ಷಕ್ಕೆಲ್ಲ ಮುಗಿಯಬೇಕಾದ ಈ ಕೆಲಸ ನನಗೆ ಹದಿನಾಲ್ಕು ತುಂಬಿದರೂ ಮುಗಿದಿರಲಿಲ್ಲ. ನಮ್ಮೂರು ಮೂಕಂಡಪಲ್ಲಿ ಆಗ ರಾಗಿ ಹುರುಳಿ ಬೆಳೆಯುವ ಸಣ್ಣ ಹಳ್ಳಿ. ಅಲ್ಲಿ ನನ್ನ ವಾರಿಗೆಯವರಲ್ಲಿ ಬೋಳು ಮೂಗಿನವಳು ನಾನೊಬ್ಬಳೇ. "ಏನಮ್ಮಿ, ನಿಮ್ಮಾವ ಇನ್ನೂ ಕೋಲಾರದಾಗೆ ಚಿನ್ನ ಅಗೀತಾ ಅವ್ನಾ?" ಎಂದು ಗೆಳತಿಯರು ಕೆಣಕುತ್ತಿದ್ದರು.

ಅವ್ವನ ಚಿಂತೆಯೇ ಬೇರೆ. ಕೃಷ್ಣಗಿರಿಯಲ್ಲಿ ಮಾವಿನ ವ್ಯಾಪಾರ ಮಾಡುವವರ ಮನೆಯಲ್ಲಿ ನನಗೊಂದು ಗಂಡು ನೋಡಿಟ್ಟಿದ್ದಳು. ಬೋಳು ಮೂಗಿನ ಹುಡುಗಿಯನ್ನು ತೋರಿಸುವ ಹಾಗಿಲ್ಲ. ಚುಚ್ಚಿದ ಕೂಡಲೇ ತೋರಿಸುವುದು, ಅವರು ಒಪ್ಪಿದರೆ ಮುಂದಿನ ತಿಂಗಳೇ ಧಾರೆ, ಧಾರೆಯಾದರೆ ಹೊಸೂರಿನ ಸ್ಕೂಲಿಗೆ ದೊಡ್ಡ ನಮಸ್ಕಾರ. ನನಗೆ ಮೂಗುಬೊಟ್ಟೂ ಬೇಕಿತ್ತು, ಸ್ಕೂಲೂ ಬೇಕಿತ್ತು. ಒಂದು ಬಂದರೆ ಇನ್ನೊಂದು ಹೋಗುತ್ತದೆ ಎಂದು ನನಗೆ ತಿಳಿದಿತ್ತೆ? ತಿಳಿದಿತ್ತು ಎಂದೇ ಈಗ ಅನ್ನಿಸುತ್ತದೆ. ಆದರೆ ತಿಳಿದಿದ್ದರೆ ಜೋಳದ ಕಾಳಿಗೆ ಬೆಲ್ಲ ಸವರಿ ಮೂಗಿಗಂಟಿಸಿಕೊಂಡು ಕನ್ನಡಿಯ ಮುಂದೆ ಯಾಕೆ ನಿಲ್ಲುತ್ತಿದ್ದೆ? ಒಂದು ಮಧ್ಯಾಹ್ನ ಹಾಗೇ ನಿದ್ದೆಹೋಗಿ ಇರುವೆ ಕಚ್ಚಿಸಿಕೊಂಡಿದ್ದೂ ಉಂಟು.

ಇಲ್ಲೊಂದು ಎಚ್ಚರಿಕೆ. ಮುಂದೆ ಯೂನಿವರ್ಸಿಟಿಯಲ್ಲಿ ಚರಿತ್ರೆ ಓದುವಾಗ ನಮ್ಮ ಮೇಷ್ಟರು ಆಧಾರವಿಲ್ಲದ್ದನ್ನು ಬರೆದರೆ ಅಂಕ ಕಳೆಯುತ್ತಿದ್ದರು. ನಾನು ದಿನಚರಿ ಇಡಲು ಶುರುಮಾಡಿದ್ದೂ ಆ ಭಯಕ್ಕೇ. ಈ ಕಥೆ ದಿನಚರಿಗಿಂತ ಹಿಂದಿನದು. ಇದಕ್ಕೆ ಆಧಾರ ನನ್ನ ನೆನಪು ಮತ್ತು ಅವ್ವನ ನೆನಪು. ಅವೆರಡೂ ಅತ್ತೆ ಸೊಸೆಯರ ಹಾಗೆ. ಒಂದೇ ಮನೆಯಲ್ಲಿದ್ದರೂ ಮಾತಿಲ್ಲ.

ಕಿವಿ ಚುಚ್ಚಿದ ಪ್ರಸಂಗವನ್ನೇ ನೋಡಿ. ನನಗಾಗ ಹನ್ನೊಂದು ತಿಂಗಳು. ಮಾವ ಜಂಬದಿಂದ ಬಂದು, ಚಕ್ಕಳಮಕ್ಕಳ ಹಾಕಿ ಕೂತು, ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡನಂತೆ. ಆಚಾರಿ ಒಂದು ಕಿವಿ ಚುಚ್ಚಿದ. ಕಿಟಾರನೆ ಕಿರುಚಿದ್ದು ಕೇಳಿಸಿತು. ಯಾರು ಅಂತ ನೋಡಿದರೆ ಮಾವ! ಎರಡನೇ ಕಿವಿಯ ಹೊತ್ತಿಗೆ ನಾನು ಅಜ್ಜಿಯ ತೊಡೆಯ ಮೇಲಿದ್ದೆ, ಮಾವ ಜಗಲಿಯ ಮೇಲೆ ಅಂಗಾತ ಮಲಗಿದ್ದ, ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ನಾನೂ ಸ್ಥಳದಲ್ಲೇ ಇದ್ದೆ, ನಿಜ. ಆದರೆ ಹನ್ನೊಂದು ತಿಂಗಳವಳ ಸಾಕ್ಷಿಯನ್ನು ಯಾವ ಕೋರ್ಟು ಒಪ್ಪುತ್ತದೆ?

ಅಂದಿನಿಂದ ಅವನ ನೆಪಗಳ ಸುಗ್ಗಿ ಶುರುವಾಯಿತು. ನನಗೆ ಎಂಟಾದಾಗ ಅವ್ವ ಹೇಳಿಕಳಿಸಿದಳು. ಹೊಲಕ್ಕೆ ಆನೆ ಬಿದ್ದಿದೆ ಎಂದು ಉತ್ತರ ಬಂತು. ಮರುವರ್ಷವೂ ಆನೆ. ಅದರ ಮರುವರ್ಷ ಅವ್ವನೇ ಜಾಣತನ ಮಾಡಿ, ಕುಯ್ಲೆಲ್ಲ ಮುಗಿದು ಹೊಲದಲ್ಲಿ ಕೂಳೆ ಬಿಟ್ಟರೆ ಏನೂ ಇಲ್ಲದಾಗ ಹೇಳಿಕಳಿಸಿದಳು. "ಈಗ್ಲೇ ಕಣವ್ವ ಜೋಪಾನವಾಗಿರ್ಬೇಕಾದ್ದು. ಬಂದ್ ಆನೆಗೆ ತಿನ್ನಾಕೆ ಏನೂ ಸಿಗ್ದಿದ್ರೆ ಸಿಟ್ಟು ಬತ್ತದೆ!" ಎಂದಿತು ಮಾವನ ಉತ್ತರ.

ಅಷ್ಟರಲ್ಲಿ ಯುದ್ಧದ ಬಿಸಿ ನಮ್ಮ ಸೀಮೆಗೂ ತಟ್ಟಿತು. ಸೀಮೆಎಣ್ಣೆ ಸಿಗದೆ ಊರೆಲ್ಲ ಶಪಿಸುತ್ತಿದ್ದರೆ ಮಾವನಿಗೆ ಮಾತ್ರ ಯುದ್ಧ ದೇವರು ಕೊಟ್ಟ ವರ. "ಸಮುದ್ರದಾಚೆ ಅಷ್ಟೊಂದು ರಕ್ತ ಹರೀತಾ ಐತೆ. ಇಲ್ಲಿ ನಾವು ಬೇರೆ ಹರಿಸಾನಾ? ಮುಗೀಲಿ ಇರು" ಅಂದ. ಅವ್ವ ಹಲ್ಲು ಕಚ್ಚಿಕೊಂಡು ಕಾದಳು. ಜರ್ಮನಿಯವನು ಸೋತ ಸುದ್ದಿ ಹೊಸೂರಿಗೆ ಬಂದ ದಿನವೇ ಆಳು ಕಳಿಸಿದಳು. ಮಾವ ತಣ್ಣಗೆ, "ಜಪಾನ್ನೋನು ಇನ್ನೂ ಅವ್ನಲ್ಲ!" ಎಂದು ಹೇಳಿಕಳಿಸಿದ. ನಮ್ಮ ಸೀಮೆಯಲ್ಲಿ ಜಪಾನಿನ ಮೇಲೆ ಅಷ್ಟೊಂದು ಭರವಸೆ ಇಟ್ಟಿದ್ದ ರೈತ ಇನ್ನೊಬ್ಬನಿರಲಾರ.

ಜಪಾನೂ ಕೈಕೊಟ್ಟಿತು. ಕೃಷ್ಣಗಿರಿಯವರು ಅವಸರ ಮಾಡತೊಡಗಿದರು. ಆಗ ಅವ್ವ ತಾನೇ ಸಾನಮಾವಿಗೆ ನಡೆದುಹೋಗಿ ಅಣ್ಣನ ಅಂಗಳದಲ್ಲಿ ನಿಂತು, "ನಾಳಿದ್ದು ಆಚಾರಿ ಬತ್ತಾನೆ. ನೀನ್ ಬರ್ದಿದ್ರೆ ನನ್ ತೊಡೆ ಮ್ಯಾಲೇ ಕೂರಿಸ್ಕಂಡು ಚುಚ್ಚಿಸ್ಬುಡ್ತೀನಿ. ನಂಗೆ ಅಣ್ಣ ಇಲ್ಲ ಅಂದ್ಕತೀನಿ" ಅಂದು, ನೀರೂ ಕುಡಿಯದೆ ತಿರುಗಿ ಬಂದಳು.

ಮಾವ ಬಂದ. ಮುಖ ನೋಡಿದರೆ ಚುಚ್ಚಿಸುವುದಕ್ಕಲ್ಲ, ಗಲ್ಲಿಗೇರುವುದಕ್ಕೆ ಬಂದವನ ಹಾಗಿತ್ತು. ಆಚಾರಿ ಸೂಜಿ, ತಂತಿ, ಅರಿಶಿನ ಜೋಡಿಸಿದ. ನಾನು ಲಂಗ ಎತ್ತಿಕಟ್ಟಿ ಮಾವನ ತೊಡೆಯ ಮೇಲೆ ಕೂತೆ. ಹದಿನಾಲ್ಕು ವರ್ಷದ ರಾಗಿಮುದ್ದೆಯೆಲ್ಲ ಒಟ್ಟಿಗೆ ಕೂತ ಹಾಗಾಗಿ ಮಾವ ಒಮ್ಮೆ ನರಳಿದ. ಆಚಾರಿ ಸೂಜಿ ಎತ್ತಿದ.

"ತಡೀಲಾ!" ಅಂದ ಮಾವ. "ಎಷ್ಟು ನೋವಾಯ್ತದೆ?"

"ಇರುವೆ ಕಚ್ದಂಗೆ."

"ನಿಂಗೆ ಚುಚ್ಚವ್ರಾ?"

"ನಂಗ್ಯಾಕೆ ಚುಚ್ತಾರೆ ಸ್ವಾಮಿ?"

"ಮತ್ತೆ ನಿಂಗೆಂಗ್ಲಾ ಗೊತ್ತು? ನಂಗೆ ಮೊದ್ಲು ಚುಚ್ಚು. ನೋಡಿ ಹೇಳ್ತೀನಿ."

ಗಂಡಸಿಗೆ ಮೂಗುಬೊಟ್ಟೇ ಎಂದು ಆಚಾರಿ ತೆಲುಗಿನಲ್ಲಿ ಬಾಯಿ ಬಾಯಿ ಬಡಿದುಕೊಂಡ. ಅವ್ವ, "ಅಣ್ಣಾ, ಊರೋರು ನಗ್ತಾರೆ ಕಣೋ" ಎಂದು ಕೈಮುಗಿದಳು. ಮಾವ ಕೇಳಲಿಲ್ಲ. ನನ್ನನ್ನು ಕೆಳಗಿಳಿಸಿ, ಗೋಡೆಗೊರಗಿ, ಕಣ್ಣು ಮುಚ್ಚಿ ಮೂಗು ಮುಂದೆ ಮಾಡಿದ. ಚುಚ್ಚಿಯಾಯಿತು! ಈ ಸಲ ಕಿರುಚಲಿಲ್ಲ. ಎರಡೂ ಕಣ್ಣಲ್ಲಿ ಧಾರಾಕಾರ ನೀರು. ಆ ನೀರಿನ ನಡುವೆಯೇ, "ಏನೂ ಇಲ್ಲ ಕಣವ್ವ... ಇರುವೆ... ವಸಿ ದೊಡ್ಡಿರುವೆ" ಅಂದ. ನಾನು ನಗುತ್ತಿದ್ದಾಗಲೇ ಆಚಾರಿ ನನ್ನದನ್ನೂ ಮುಗಿಸಿಬಿಟ್ಟ. ನಾನು ಅಳಲಿಲ್ಲ ಎಂದು ನನ್ನ ನೆನಪು. ಮೂರು ಮನೆಗೆ ಕೇಳಿಸುವ ಹಾಗೆ ಅತ್ತೆನೆಂದು ಅವ್ವನದು.

ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ನಾಲ್ಕು ದಿನಕ್ಕೆ ಗಾಯ ಒಣಗುತ್ತಾ ಬಂತು. ಭಾನುವಾರ ಕೃಷ್ಣಗಿರಿಯವರು ಬರುವುದೆಂದು ನಿಶ್ಚಯವಾಯಿತು. ಶುಕ್ರವಾರ ಮಾವ ಪ್ರತ್ಯಕ್ಷ! ಕೈಯಲ್ಲಿ ಮುತ್ತುಗದೆಲೆಯ ಪೊಟ್ಟಣ, ಅದರಲ್ಲಿ ಯಾವುದೋ ಕಾಡುಸೊಪ್ಪು ಅರೆದ ಹಸಿರು ಉಂಡೆ. "ಬೇಗ್ನೆ ಒಣಗ್ತದೆ. ನಾನೂ ಹಚ್ಕಂಡಿವ್ನಿ, ನೋಡು" ಎಂದು ಮೂಗು ತೋರಿಸಿದ. ಅಲ್ಲಿ ಹಸಿರು ಗುಪ್ಪೆ ಬಿಟ್ಟರೆ ಮೂಗೇನೂ ಕಾಣುತ್ತಿರಲಿಲ್ಲ. ಅವ್ವ ನಂಬಿದಳು. ಶುಕ್ರವಾರ ಹಚ್ಚಿದ. ಶನಿವಾರ ಅಷ್ಟು ದೂರ ಮತ್ತೆ ನಡೆದು ಬಂದು ಹಚ್ಚಿದ. ಭಾನುವಾರ ಬೆಳಿಗ್ಗೆ ನನ್ನ ಮೂಗು ಎದ್ದು ನಿಂತ ಪರಿ ಏನು ಹೇಳಲಿ! ಗುಂಡುಬದನೆಕಾಯಿ! ಮಾವನ ಮೂಗೂ ಗುಂಡುಬದನೆಕಾಯಿ! ಒಂದೇ ಗಿಡದವು ಅಂತ ಯಾರಾದರೂ ಹೇಳಬಹುದಾಗಿತ್ತು.

ಅತಿಥಿಗಳು ಗಾಡಿಯಿಂದ ಇಳಿದೇಬಿಟ್ಟರು. ಗಂಡು, ಅವನ ತಾಯಿ, ಒಂದು ಬುಟ್ಟಿ ಕೊನೇ ಫಸಲಿನ ಮಾವಿನಹಣ್ಣು. ನಾನು ತಲೆ ತಗ್ಗಿಸಿ ಬೆಲ್ಲದ ಪಾನಕ ತಂದಿಟ್ಟೆ. ಆ ತಾಯಿ ನನ್ನ ಮುಖ ನೋಡಿದರು. ಪಕ್ಕದಲ್ಲಿ ಕಂಬಕ್ಕೊರಗಿ ಕೂತಿದ್ದ ಮಾವನ ಮುಖ ನೋಡಿದರು. ಮತ್ತೆ ನನ್ನ ಮುಖ ನೋಡಿದರು.

"ಇವ್ರು ಯಾರು?"

"ಹುಡ್ಗಿಗೆ ಸೋದರಮಾವ," ಅಂದಳು ಅವ್ವ, ನೆಲ ನೋಡುತ್ತಾ.

"ಗಂಡಸ್ರು ಕೂಡ ಚುಚ್ಚಿಸ್ಕೊಂಡವ್ರಲ್ಲ?"

ಅವ್ವ ಬಾಯಿ ತೆರೆಯುವಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡ. "ನಮ್ ವಂಸದಾಗೆ ಹಿಂಗೇ ಕಣಮ್ಮ. ಹುಡ್ಗಿಗೆ ಚುಚ್ಚಿದ್ ದಿನ ಮಾವಂಗೂ ಚುಚ್ಬೇಕು." ಸ್ವಲ್ಪ ನಿಲ್ಲಿಸಿ, ಗಂಡಿನ ಕಡೆ ಪ್ರೀತಿಯಿಂದ ನೋಡಿ, "ಅಳೀಮಯ್ಯಂಗೆ ಧಾರೆ ದಿನ ಚುಚ್ತೀವಿ" ಅಂದ.

ಗಂಡಿನ ಕೈ ತಾನಾಗಿಯೇ ಅವನ ಮೂಗಿನ ಮೇಲೆ ಹೋಯಿತು. ಪಾನಕ ಹಾಗೇ ಉಳಿಯಿತು. ಮಾವಿನಹಣ್ಣಿನ ಬುಟ್ಟಿ ಬಂದ ಗಾಡಿಯಲ್ಲೇ ವಾಪಸು ಕೃಷ್ಣಗಿರಿಗೆ ಹೊರಟಿತು. ಕೊನೇ ಪಕ್ಷ ಎರಡು ಹಣ್ಣನ್ನಾದರೂ ಬಿಟ್ಟುಹೋಗಬಾರದಿತ್ತೆ!

ಅವ್ವ ಸೆರಗು ಬಾಯಿಗಿಟ್ಟುಕೊಂಡು, "ನನ್ ಮಗಳ ಬಾಳ್ನ ಹಾಳ್ಮಾಡ್ಬುಟ್ಯಲ್ಲೋ ಅಣ್ಣಾ" ಎಂದು ಅತ್ತಳು. ಮಾವ ಎದ್ದುಹೋಗಿ, ಒಲೆಯ ಮೇಲಿಂದ ಒಂದು ತಂಬಿಗೆ ಬಿಸಿನೀರು ತಂದು, ನನ್ನನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿದ. ಪಂಚೆಯ ತುದಿ ಅದ್ದಿ ಅದ್ದಿ ಮೂಗಿನ ಮೇಲಿನ ಹಸಿರನ್ನು ಒರೆಸತೊಡಗಿದ.

"ಇನ್ನು ಇದ್ನ ಹಚ್ಬ್ಯಾಡ ಕಣವ್ವ. ಎಲ್ಡು ದಿನಕ್ಕೆ ಇಳಿದೋಯ್ತದೆ."

"ನಿಂಗೆಂಗೆ ಗೊತ್ತು ಮಾವ?"

ಅವನು ಪಂಚೆಯ ತುದಿ ಹಿಂಡಿ ಮತ್ತೆ ಅದ್ದಿದ. "ಭೋ ನೋವಾಯ್ತಾ?"

ಇಲ್ಲ ಅಂದೆ. ಅದು ನಿಜವಾಗಿತ್ತೋ ಸುಳ್ಳೋ ಈಗ ಹೇಳಲಾರೆ. ಅವ್ವನನ್ನು ಕೇಳಿದರೆ, "ಅವ್ನಿಗೆಲ್ಲಿ ಅಷ್ಟು ಬುದ್ಧಿ? ಯಾವ್ದೋ ಸೊಪ್ಪು ಕಿತ್ತು ಯಾಮಾರಿದ, ಅಷ್ಟೇಯ" ಅನ್ನುತ್ತಿದ್ದಳು. ಕಾಡಿನ ಒಂದೊಂದು ಎಲೆಯ ಗುಣವೂ ಗೊತ್ತಿದ್ದವನು ಯಾಮಾರಿದನೆ? ನಮ್ಮ ಮೇಷ್ಟರಿಗೆ ತೋರಿಸಲು ನನ್ನಲ್ಲಿ ಆಧಾರವಿಲ್ಲ. ಆದರೆ ಅವನು ಮುಂದೆ ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಅವ್ವನಿಗೆ ಕೇಳಿಸಬಾರದೆಂದು ತೀರಾ ಮೆಲ್ಲಗೆ ಆಡಿದ.

"ನಾಳೀಕೆ ಇಸ್ಕೂಲೈತಲ್ಲ? ಹೋಗು ಮಗ."

ತಂಬಿಗೆಯ ನೀರೆಲ್ಲ ನನ್ನ ಮೂಗಿಗೇ ಆಗಿಹೋಗಿತ್ತು. ತನ್ನ ಮೂಗಿನ ಮೇಲಿನ ಹಸಿರನ್ನು ಹಾಗೇ ಇಟ್ಟುಕೊಂಡು ಅವನು ಊರಿಗೆ ನಡೆದುಬಿಟ್ಟ.