ಎರಡೂವರೆ ಗಂಟೆಯ ಹುಬ್ಬಳ್ಳಿ

ದೆಹಲಿಯಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎರಡೂವರೆ ಗಂಟೆ. ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ. ಆದರೆ ಆ ಎರಡೂವರೆ ಗಂಟೆಯ ಹಿಂದೋ ಮುಂದೋ ಏನಾದರೊಂದು ಫಜೀತಿಯಾಗದೆ ನಾನು ಊರು ಮುಟ್ಟಿದ್ದೇ ಇಲ್ಲ. ಕಳೆದ ವರ್ಷ ಅಕ್ಕನಿಗೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ, ಗ್ರೇಟರ್ ನೋಯ್ಡಾದಲ್ಲಿ ನಾನು ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ ಹಾಕಿ ಓಡಿದೆ. ಅಳುತ್ತಲೇ ಹೊರಟವಳಿಗೂ ನಗು ಬರುವಂಥವು ನಡೆದವು.

ಬಾರಾತ್

ಮೊದಲ ಸಲ ಹೊರಟಾಗ ಮದುವೆಗಳ ಕಾಲ. ರಸ್ತೆ ತುಂಬ ಬಾರಾತ್. ಕುದುರೆಯ ಮೇಲೆ ಮದುಮಗ, ಮುಂದೆ ಕುಣಿಯುವ ಜನ. ನಾನು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಭಯ್ಯಾ, ಸ್ವಲ್ಪ ಬೇಗ. ಅಕ್ಕನಿಗೆ ಹುಷಾರಿಲ್ಲ" ಅಂದೆ.

"ಎಲ್ಲಿದ್ದಾರೆ ಅಕ್ಕ?"

"ಹುಬ್ಬಳ್ಳಿಯಲ್ಲಿ. ವಿಮಾನದಲ್ಲಿ ಎರಡೂವರೆ ಗಂಟೆ."

ಅವನು ಗಡಿಯಾರ ನೋಡಿದ. ನಾವು ಮನೆ ಬಿಟ್ಟೇ ಎರಡು ಗಂಟೆಯಾಗಿತ್ತು, ಏರ್‌ಪೋರ್ಟಿನ ಸುಳಿವಿರಲಿಲ್ಲ.

"ಅಚ್ಛಾ" ಅಂದ. "ಹಾಗಾದರೆ ಹುಬ್ಬಳ್ಳಿ ಹತ್ತಿರವೇ ಮೇಡಂ. ದಿಲ್ಲಿಯೇ ದೂರ."

ಮಂಜು

ಅದು ಅಕ್ಕನ ಆಪರೇಷನ್ ದಿನ. ಅವಳನ್ನು ಒಳಗೆ ಕರೆದೊಯ್ಯುವ ಮೊದಲು ಒಮ್ಮೆ ಕೈ ಹಿಡಿಯಬೇಕೆಂದು ಬೆಳಗಿನ ಮೊದಲ ವಿಮಾನ ಹತ್ತಿದ್ದೆ. ಬಾಗಿಲು ಹಾಕಿದರು, ಅಷ್ಟೇ. ಕಿಟಕಿಯಾಚೆ ರೆಕ್ಕೆಯೂ ಕಾಣದಷ್ಟು ಮಂಜು. ಮೂರು ಗಂಟೆ ಕೂತಲ್ಲೇ ಕೂತಿದ್ದಾಗ ಭಾವನ ಫೋನ್ ಬಂತು. ಅವರಿಗೆ ಕಿವಿ ಸ್ವಲ್ಪ ಮಂದ.

"ಎಲ್ಲಿದ್ದೀಯವಾ? ನಿಮ್ಮಕ್ಕನ್ನ ಒಳಗ ಕರ್ಕೊಂಡು ಹೊಂಟಾರ."

"ಇನ್ನೂ ದಿಲ್ಲಿಯಾಗ ಅದೀನಿ ಭಾವಾ. ಮಂಜು ಬಿಡವಲ್ದು!"

"ಯಾವ ಮಂಜು? ಅವನ ಕೈಯಾಗ ಫೋನ್ ಕೊಡು. ನಾ ಹೇಳ್ತೀನಿ, ಬಿಡ್ತಾನ."

ನಾನು ತಲುಪಿದಾಗ ಅಕ್ಕನಿಗಿನ್ನೂ ಎಚ್ಚರ ಬಂದಿರಲಿಲ್ಲ. ಬಾಗಿಲಲ್ಲೇ ಕಾಯುತ್ತಿದ್ದ ಭಾವ ಕೇಳಿದರು: "ಕಡೀಕ ಬಿಟ್ಟನೇನು ಅವಾ?"

ಹೊಸ ನರ್ಸಮ್ಮ

ಕೊನೆಯ ಸಲ ಹೋಗುವ ಹೊತ್ತಿಗೆ ಅಕ್ಕನಿಗೆ ನಾಲ್ಕು ಮಾತಾಡುವುದೂ ಕಷ್ಟವಾಗಿತ್ತು. ನನ್ನ ವಿಮಾನ ಹೊರಟಿತೆಂದು ಭಾವ ಅವಳಿಗೆ ಹೇಳಿ, ಔಷಧಿ ತರಲು ಹೋಗಿದ್ದರು. ಅವಳು ವಾರ್ಡಿಗೆ ಹೊಸದಾಗಿ ಬಂದ ನರ್ಸಮ್ಮನಿಗೆ ಪಿಸುಗುಟ್ಟಿದಳಂತೆ: "ನನ್ನ ತಂಗಿ ಮ್ಯಾಲ ಹೋಗ್ಯಾಳ."

"ಅಯ್ಯೋ! ಯಾವಾಗ್ರೀ?"

"ಒಂದು ತಾಸಾತು."

ಇನ್ನು ಸ್ವಲ್ಪ ಹೊತ್ತಿಗೆ ಕೆಳಗಿಳಿಯುತ್ತಾಳೆ ಅನ್ನುವಷ್ಟರಲ್ಲಿ ಅಕ್ಕನಿಗೆ ನಿದ್ದೆ ಹತ್ತಿದೆ. ನರ್ಸಮ್ಮ ಹೊರಗೆ ಹೋಗಿ ಚೆನ್ನಾಗಿ ಅತ್ತು, ಪಕ್ಕದ ಹಾಸಿಗೆಯವರನ್ನೂ ಅಳಿಸಿದ್ದಾಳೆ. ಎರಡು ತಾಸು ಕಳೆದು ನಾನು ಬ್ಯಾಗ್ ಹಿಡಿದು ಒಳಗೆ ಬಂದೆ.

"ನೀವು ಯಾರ್ರಿ?"

"ಇವರ ತಂಗಿ."

"ಎಷ್ಟನೇ ತಂಗಿ?"

"ಇರೋದೇ ನಾನೊಬ್ಬಳು."

ಅವಳ ಕೈಯಲ್ಲಿದ್ದ ಟ್ರೇ ನೆಲಕ್ಕೆ ಬಿತ್ತು. ಆ ಸದ್ದಿಗೆ ಎದ್ದ ಅಕ್ಕ, ಸಂಗತಿ ತಿಳಿದು, ಆಕ್ಸಿಜನ್ ಮಾಸ್ಕ್ ಜಾರುವ ಹಾಗೆ ನಕ್ಕಳು.

ಐದನೆಯ ದಿನ ಬೆಳಿಗ್ಗೆ ಅಕ್ಕ ತೀರಿಕೊಂಡಳು. ಭಾವ ಗೋಡೆಗೆ ಮುಖಮಾಡಿ ನಿಂತಿದ್ದರು. ಅದೇ ನರ್ಸಮ್ಮ ಸೂಜಿ ತೆಗೆದು, ಹೊದಿಕೆ ಸರಿಮಾಡಿ, ನನ್ನ ಪಕ್ಕ ಬಂದು ನಿಂತಳು. ಆಮೇಲೆ ತಪ್ಪು ಮಾಡಿದವಳ ಹಾಗೆ ಮೆಲ್ಲಗೆ ಅಂದಳು:

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ, ನನಗ ಅಳೂನ ಬರವಲ್ದು. ಇದ್ದದ್ದೆಲ್ಲಾ ಮೊನ್ನೆ ನಿಮ್ಮ ಸಲುವಾಗಿ ಅತ್ತು ಮುಗಿಸೀನಿ."

ಅಕ್ಕನ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ನಾನು ನಕ್ಕುಬಿಟ್ಟೆ, ಇಡೀ ವಾರ್ಡು ತಿರುಗಿ ನೋಡುವಷ್ಟು ಜೋರಾಗಿ.