ತಪ್ಪೆಲ್ಲ ಕುರಿಯದೇ

ಮರಿಯಾಗದಿದ್ದರೆ ತಪ್ಪು ಹೆಣ್ಣು ಕುರಿಯದು ಎಂದು ಐರಣಿಯಲ್ಲಿ ಎಲ್ಲರೂ ನಂಬಿದ್ದರು. ಪಶುವೈದ್ಯನಾದ ನಾನೂ ನಂಬಿದ್ದೆ. ನನ್ನ ನಂಬಿಕೆಗೆ ಪದವಿಯ ಬೆಂಬಲವಿತ್ತು, ಅಷ್ಟೇ. ನನ್ನ ನೌಕರಿಯಲ್ಲಿ ಇಂಥವು ವರ್ಷಕ್ಕೆ ನಾಲ್ಕಾರು ನಡೆಯುತ್ತವೆ. ಇದು ಮೂರು ಭೇಟಿಗಳಷ್ಟು ಎಳೆಯಿತು.

೧. ಹೊಟ್ಟೆ

ಹದಿನೆಂಟು ಕುರಿ. ಐರಣಿಯ ಒಂದು ಮನೆಯ ಸೊಸೆ ಅಗಡಿಯ ತವರಿನಿಂದ ಹೊಡೆದುಕೊಂಡು ಬಂದಿದ್ದಳು. ಮಾವ ದೇವರಗುಡ್ಡದ ಕಡೆಯ ಕುರಿಗಾರನಿಂದ ಟಗರು ತಂದು ಏಳು ತಿಂಗಳಾಗಿತ್ತು, ಒಂದೂ ಗಬ್ಬಾಗಿರಲಿಲ್ಲ. ಕುರಿಗಳನ್ನು ರಾಣೆಬೆನ್ನೂರಿನ ಸಂತೆಯಲ್ಲಿ ಕಟುಕರಿಗೆ ಕೊಡುವುದೆಂದು ಮಾವ ತೀರ್ಮಾನಿಸಿದ್ದ.

“ತವರಿನವು ಅದಾವ್ರಿ ಸಾಹೇಬ್ರ. ಏನರ ಮಾಡ್ರಿ,” ಎಂದಳು ಸೊಸೆ.

ಹದಿನೆಂಟರ ಹೊಟ್ಟೆಯನ್ನೂ ಒತ್ತಿ ನೋಡಿ, “ಎಲ್ಲಾ ಖಾಲಿ ಅದಾವು,” ಎಂದೆ.

“ಇಷ್ಟು ಹೇಳಾಕ ಹಾವೇರಿಯಿಂದ ಬಂದ್ರೇನು?” ಎಂದ ಮಾವ.

೨. ಪುಡಿ

ಕುರಿಗಳಿಗೆ ತಿನ್ನಿಸಲು ಖನಿಜದ ಪುಡಿ ಕೊಟ್ಟು, ಸಂತೆಗೆ ಒಯ್ಯುವುದನ್ನು ಒಂದು ತಿಂಗಳು ಮುಂದೆ ಹಾಕಿಸಿದೆ. ಮತ್ತೆ ಹೋದಾಗ ಕುರಿಗಳು ಇದ್ದ ಹಾಗೇ ಇದ್ದವು. ಟಗರು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು.

“ಪುಡಿ ಯಾರಿಗೆ ಹಾಕಿದ್ರಿ?”

“ಟಗರಿಗೆ. ದುಡಿಯಾಂವ ಅವನಽ ಅಲ್ಲೇನ್ರಿ?” ಎಂದ ಮಾವ.

“ದುಡದಿದ್ದು ಎಲ್ಲೈತ್ರಿ ಮಾವಾರ?” ಎಂದಳು ಸೊಸೆ.

ಮಾವ ನನ್ನತ್ತ ತಿರುಗಿದ. “ನೋಡ್ರಿ, ಕುರಿ ಪಾರ್ಟಿ ಸೇರ್‍ಯಾಳ.”

೩. ದೃಷ್ಟಿ

ಮೂರನೆಯ ಸಲ ಹೋದಾಗ ಮರುದಿನವೇ ಸಂತೆ. ಕುರಿ ಒಯ್ಯಲು ಗಾಡಿ ಹೇಳಿಯಾಗಿತ್ತು. ಬೇರೇನೂ ಹೊಳೆಯದೆ, ಟಗರನ್ನೂ ಒಮ್ಮೆ ನೋಡುತ್ತೇನೆ ಎಂದೆ.

“ಅದನ್ನೇನ್ ನೋಡ್ತೀರಿ? ಅದು ಗಂಡೈತಿ!”

ಸೊಸೆ ಕೊಂಬು ಹಿಡಿದಳು. ನಾನು ಬಗ್ಗಿದೆ. ಮೂರು ಭೇಟಿಗಳಲ್ಲಿ ಟಗರಿನ ಕೆಳಗೆ ನಾನು ಬಗ್ಗಿದ್ದು ಅದೇ ಮೊದಲು. ಅದರ ಕರಿ ಉಣ್ಣೆಯಲ್ಲಿ ಬೆರೆತು, ಹೊಟ್ಟೆಗೆ ಕಟ್ಟಿದ ಕರಿ ಕಂಬಳಿಯ ತುಂಡೊಂದು ಪರದೆಯ ಹಾಗೆ ಇಳಿಬಿದ್ದಿತ್ತು.

“ಇದೇನ್ರಿ?”

“ದೃಷ್ಟಿ ತಾಗಬಾರದಂತ ಮಾರಿದಾಂವ ಕಟ್ಟಿದ್ದ. ಅದು ಹರೀತು. ಬ್ಯಾಡಗಿಯೊಳಗ ಹೊಸಾದು ಹೊಲಿಸೇನಿ.”

“ದೃಷ್ಟಿಗಂತ ಅವ ಹೇಳಿದ್ನೇನು?”

“ಹೇಳೂದೇನು? ಕರೀದೈತೆಲ್ಲ!”

ಮಾವನಿಂದ ನಂಬರು ಕೇಳಿ ಮಾರಿದವನಿಗೆ ಫೋನ್ ಹಚ್ಚಿದೆ. ಎಲ್ಲರಿಗೂ ಕೇಳುವಂತೆ ಅವನು ಕಿರುಚಿದ: “ಇನ್ನೂ ಬಿಚ್ಚಿಲ್ಲೇನ್ರಿ? ಹಂಗಾಮಿಲ್ಲದಾಗ ಕುರಿ ಏರಬಾರದಂತ ಕಟ್ಟಿದ್ದು ಅದು!”

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಮಾವ ಗಾಡಿಯವನಿಗೆ ಫೋನ್ ಮಾಡಿ, “ನಾಳಿಗೆ ಬ್ಯಾಡಪಾ,” ಎಂದ. “ನಾ ಮೊದಲಽ ಹೇಳಿದ್ದೆ,” ಎಂದು ನನಗೆ ಹೇಳಿದ, “ಟಗರಿನ್ಯಾಗ ಏನೂ ದೋಷ ಇಲ್ಲ.”

ಕಂಬಳಿ ಬಿಚ್ಚಿದೆವು. ಆರು ತಿಂಗಳೊಳಗೆ ಹದಿನೆಂಟೂ ಈದವು.