ಮೈಕು ಸಿಗದ ನನ್ನ ತಮ್ಮ

ನನ್ನ ತಮ್ಮನಿಗೆ ಹುಚ್ಚು ಹಿಡಿದಿಲ್ಲ. ಹಿಡಿದಿದ್ದರೆ ಡಾಕ್ಟ್ರಿಗಾದರೂ ತೋರಿಸಬಹುದಿತ್ತು! ಅವನಿಗೆ ಹಿಡಿದದ್ದು ಉಪನ್ಯಾಸ.

ತುಮಕೂರಿಗೆ ಯೂನಿವರ್ಸಿಟಿ ಬಂದ ಹೊಸದು. ಶನಿವಾರ ಶನಿವಾರ ಸಾರ್ವಜನಿಕರಿಗೆ ಭಾಷಣ, ವಿಜ್ಞಾನದ ತತ್ವಶಾಸ್ತ್ರ ಅಂತೆ. ಅರವತ್ತು ದಾಟಿದ ಇವನು ಚೇಳೂರಲ್ಲಿ ಬಸ್ಸು ಹತ್ತಿ, ಗುಬ್ಬಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಹೋಗೋನು. ವಾಪಸ್ ಬಂದರೆ ಕೂತಲ್ಲಿ ಕೂರೋನಲ್ಲ.

ಮೊದಲ ವಾರವೇ ಶುರುವಾಯ್ತು. ನಾನು ಅಟ್ಟದ ಮೇಲಿನ ತೆಂಗಿನಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ಒಣಗಿ ಕೊಬ್ಬರಿ ಆಗಿದ್ದು ಈ ಕಡೆ, ಆಗದ್ದು ಆ ಕಡೆ ಹಾಕ್ತಿದ್ದೆ.

"ಅಕ್ಕಾ, ಒಡೀದೆ ಹೆಂಗೆ ಹೇಳ್ತೀಯಾ?"

"ಸದ್ದು ಹೇಳುತ್ತೆ ಕಣೋ."

"ಪ್ರೂಫ್ ಏನು?" ಅಂದವನೇ ಮಚ್ಚು ತಗೊಂಡು ಕೊಬ್ಬರಿ ಕಡೆಯ ಇಪ್ಪತ್ತು ಕಾಯಿ ಒಡೆದ. ಇಪ್ಪತ್ತೂ ಕೊಬ್ಬರಿ! ಉಂಡೆಯಾಗಿ ಬಂದು ಒಳ್ಳೆ ಬೆಲೆ ತರಬೇಕಾದದ್ದೆಲ್ಲಾ ಹೋಳು! ಸುಮ್ಮನಾದನೇ?

"ಇಪ್ಪತ್ತೊಂದನೇದು ತಪ್ಪಬಹುದಲ್ಲ?"

"ನಿನ್ನ ತಲೆ ಅಲ್ಲಾಡಿಸ್ಕೋ, ಒಳಗೇನಾದ್ರೂ ಇದ್ರೆ ಸದ್ದು ಬರಲಿ" ಅಂದು ಮಚ್ಚು ಕಿತ್ಕೊಂಡೆ.

ಆಮೇಲೆ ಅವನಿಗೊಂದು ಪ್ರಶ್ನೆ ಹುಟ್ಟಿತು. ಏನು ಅಂತ ನನಗೆ ಹೇಳೋನಲ್ಲ! ಭಾಷಣ ಮುಗಿದಾಗ ಕೈ ಎತ್ತುತ್ತಾನಂತೆ, ಮೈಕು ಮುಂದಿನ ಸಾಲಲ್ಲೇ ಸುತ್ತಿ ಹೊತ್ತು ಮುಗಿಯುತ್ತಂತೆ. ವಾರವೆಲ್ಲಾ ಹಿತ್ತಲಲ್ಲಿ ಆ ಕಡೆ ಈ ಕಡೆ ಓಡಾಡಿಕೊಂಡು ಎಮ್ಮೆ ಮುಂದೆ ಪ್ರಾಕ್ಟೀಸು. ನಾನು ಹೋದರೆ ಬಾಯಿ ಬಂದ್. ಎಮ್ಮೆ ಹಾಲು ಕಡಿಮೆ ಮಾಡಿತು!

ಕೊನೆಯ ಶನಿವಾರ ನಾನೂ ಹೊರಟೆ.

"ನೀನ್ಯಾಕಕ್ಕಾ?"

"ನಿಂಗೆ ಮೈಕು ಕೊಡಿಸಕ್ಕೆ."

ಅವತ್ತೂ ಅದೇ ಕಥೆ. ಇವನ ಕೈ ಮೇಲೆ, ಮೈಕು ಮುಂದೆ. ನನಗೆ ತಡೀಲಿಲ್ಲ. ಎದ್ದು ಹೋಗಿ, ಮೂರನೇ ಪ್ರಶ್ನೆ ಕೇಳ್ತಿದ್ದ ಕೋಟಿನ ಮನುಷ್ಯನ ಕೈಯಿಂದ ಮೈಕು ಇಸ್ಕೊಂಡೆ. "ನಿಮ್ದು ಸಾಕು ಬುಡಿ ಸ್ವಾಮಿ. ನನ್ನ ತಮ್ಮ ಆರು ವಾರದಿಂದ ಕೈ ಎತ್ಕೊಂಡವ್ನೆ."

ತಮ್ಮ ನಿಂತ. ಮೈಕು ಅವನ ಕೈಗೆ ಕೊಟ್ಟೆ.

"ಸಾರ್, ನಮ್ಮಕ್ಕ ಮೂರನೇ ಕ್ಲಾಸು. ಚಿಕ್ಕೋನಿದ್ದ ನನ್ನ ನೋಡ್ಕೊಳಕ್ಕೆ ಇಸ್ಕೂಲು ಬುಟ್ಳು. ಕಾಯಿ ಅಲ್ಲಾಡಿಸಿ ಒಳಗಿಂದು ಹೇಳ್ತಾಳೆ. ನಾನು ಒಡೆದು ನೋಡಿದೀನಿ, ಒಂದೂ ತಪ್ಪಿಲ್ಲ. ಇವಳಿಗೆ ಗೊತ್ತಿರೋದು ವಿಜ್ಞಾನ ಹೌದೋ ಅಲ್ವೋ, ಅಷ್ಟು ಹೇಳಿ."

ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಭಾಷಣ ಮಾಡಿದ ಮೇಷ್ಟ್ರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಹೌದು," ಅಂದರು. "ಅವರು ಹೇಳಿದ್ದು, ನೀವು ಒಡೆದು ನೋಡಿದ್ದು, ಎರಡೂ ಸೇರಿ ವಿಜ್ಞಾನ."

ತಮ್ಮ ಮೈಕು ಬಾಯಿಂದ ತೆಗೀದೆ ನನ್ನ ಕಡೆ ತಿರುಗಿದ. "ಕೇಳಿಸ್ತಾ ಅಕ್ಕಾ?"

ಇಡೀ ಸಭೆಗೆ ಕೇಳಿಸಿತು. ಬೈಯೋಣ ಅಂತ ಬಾಯಿ ತೆರೆದೆ. "ಕೇಳಿಸ್ತು ಕಣೋ" ಅಂತ ಬಂತು.